ಮನೆಯ ವೈಫೈಗೆ ಯಾವ ಬೀಗ?

ಮನೆಗೆ ಹೊಸದಾಗಿ ವೈಫೈ ಬಂದ ದಿನ ಪಾಸ್‌ವರ್ಡ್ ಏನಿಡಬೇಕು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕೊಡುವುದು ಅಪ್ಪನ ಮೊಬೈಲ್ ನಂಬರ್. ಇಂಟರ್ನೆಟ್ ಬಂದರೆ ಸಾಕು, ಆಮೇಲೆ ರೂಟರ್‌ನ ಸೆಟ್ಟಿಂಗ್ಸ್ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿರುವ 'ಸೆಕ್ಯುರಿಟಿ ಮೋಡ್' ಎಂಬ ಪಟ್ಟಿಯಲ್ಲಿ ಯಾವುದನ್ನು ಆರಿಸಬೇಕೆಂದು ನಾವು ತಿಳಿದಿರಲೇಬೇಕು.

ವೈಫೈ ತರಂಗಗಳು ಗೋಡೆ ದಾಟಿ ರಸ್ತೆಗೂ ಹೋಗುತ್ತವೆ. 'ಓಪನ್' ಎಂದಿಟ್ಟರೆ ಯಾರು ಬೇಕಾದರೂ ನಮ್ಮ ಸಂಪರ್ಕ ಬಳಸಬಹುದು. 2008ರಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸಂಬಂಧಿಸಿದ ಇಮೇಲ್ ಒಂದು ನವಿ ಮುಂಬೈಯ ಮನೆಯೊಂದರ ಸುರಕ್ಷತೆಯಿಲ್ಲದ ವೈಫೈ ಮೂಲಕ ಹೋಗಿತ್ತು. ತನಿಖೆಯವರು ಮೊದಲು ತಲುಪಿದ್ದು ಆ ಮನೆಯವರ ಬಳಿಗೆ. ಬೇರೆಯವರು ಮಾಡಿದ್ದಕ್ಕೂ ಮೊದಲು ಉತ್ತರ ಹೇಳಬೇಕಾದವರು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರೇ.

ಪಟ್ಟಿಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ನೋಡೋಣ.

ಡಬ್ಲ್ಯುಇಪಿ: 1997ರದ್ದು. ಇದರ ದೋಷ 2001ರಲ್ಲೇ ಬಯಲಾಯಿತು. ಈಗ ಕೆಲವೇ ನಿಮಿಷಗಳಲ್ಲಿ ಒಡೆಯಬಹುದು. ಬೇಡ.

ಡಬ್ಲ್ಯುಪಿಎ: 2003ರಲ್ಲಿ ಬಂದ ತಾತ್ಕಾಲಿಕ ಪರಿಹಾರ. ಇದರ ಟಿಕೆಐಪಿ ವಿಧಾನವೂ ಹಳತಾಗಿದೆ. ಇದೂ ಬೇಡ.

ಡಬ್ಲ್ಯುಪಿಎ2: 2004ರಿಂದ ಇದೆ. 'ಎಇಎಸ್' ಎಂದಿರುವುದನ್ನೇ ಆರಿಸಿ. ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಮನೆಗೆ ಇದು ಸಾಕು.

ಡಬ್ಲ್ಯುಪಿಎ3: 2018ರದ್ದು, ಎಲ್ಲಕ್ಕಿಂತ ಉತ್ತಮ. ಹಳೆಯ ಫೋನ್ ಇದಕ್ಕೆ ಹೊಂದದಿದ್ದರೆ ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿದ ಆಯ್ಕೆ ಇಟ್ಟುಕೊಳ್ಳಬಹುದು.

ಇನ್ನು ಅಪ್ಪನ ನಂಬರಿನ ವಿಷಯ. ಡಬ್ಲ್ಯುಪಿಎ2ರಲ್ಲಿ ಫೋನ್ ಮತ್ತು ರೂಟರ್ ಮೊದಲು ಪರಿಚಯ ಮಾಡಿಕೊಳ್ಳುವಾಗಿನ ಸಂದೇಶಗಳನ್ನು ಹೊರಗಿನವನೊಬ್ಬ ಹಿಡಿದಿಟ್ಟುಕೊಂಡರೆ, ತನ್ನ ಮನೆಯಲ್ಲಿ ಕುಳಿತು ಒಂದೊಂದೇ ಪಾಸ್‌ವರ್ಡ್ ಪರೀಕ್ಷಿಸಬಹುದು. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಅಂದರೆ ಹೆಚ್ಚೆಂದರೆ 400 ಕೋಟಿ ಸಾಧ್ಯತೆಗಳು. ಮನುಷ್ಯನಿಗೆ ಇದು ದೊಡ್ಡ ಸಂಖ್ಯೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ಕೆಲವು ಗಂಟೆಗಳ ಕೆಲಸ. ನಂಬರ್ ಗೊತ್ತಿರುವ ಪಕ್ಕದ ಮನೆಯವರಿಗಂತೂ ಒಂದು ನಿಮಿಷವೂ ಬೇಡ! ಡಬ್ಲ್ಯುಪಿಎ3ರಲ್ಲಿ ಪ್ರತಿ ಊಹೆಗೂ ರೂಟರನ್ನೇ ಕೇಳಬೇಕಾಗುವುದರಿಂದ ಹೀಗೆ ಕದ್ದು ಪರೀಕ್ಷಿಸಲಾಗದು.

ಆದ್ದರಿಂದ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ ಪಾಸ್‌ವರ್ಡ್ ಮಾಡಿ. ಹಲಸು, ರೈಲು, ಕೊಡೆ, ಮಂಗಳವಾರ ಎಂಬ ಹಾಗೆ. (ಇದನ್ನೇ ಇಡಬೇಡಿ!) 63 ಅಕ್ಷರಗಳವರೆಗೆ ಅವಕಾಶವಿದೆ.

ಇಂದು ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ರೂಟರ್‌ನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಸೆಟ್ಟಿಂಗ್ಸ್ ತೆರೆಯುವ ವಿಳಾಸ ಇರುತ್ತದೆ. ಮೋಡ್ ಬದಲಿಸಿ, ಪಾಸ್‌ವರ್ಡ್ ಬದಲಿಸಿ, 'ಡಬ್ಲ್ಯುಪಿಎಸ್' ಎಂಬುದನ್ನು ಆಫ್ ಮಾಡಿ. ಅದರ ಎಂಟಂಕಿಯ ಪಿನ್ ಅನ್ನು ಸುಮಾರು 11,000 ಪ್ರಯತ್ನಗಳಲ್ಲೇ ಪತ್ತೆ ಮಾಡಬಹುದೆಂದು 2011ರಲ್ಲೇ ತಿಳಿದಿದೆ. ಬಂದ ನೆಂಟರಿಗೆ 'ಗೆಸ್ಟ್ ನೆಟ್‌ವರ್ಕ್' ಕೊಡಿ.

ಮನೆಯಲ್ಲಿ ಈ ಕೆಲಸ ಗೊತ್ತಿರುವವರು ಬಹುಶಃ ನೀವೊಬ್ಬರೇ. ಹೊಸ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅಮ್ಮನ ಕೈಗೆ ಕೊಡಲು ಮರೆಯಬೇಡಿ.