ಮಡಿವಂತಿಕೆ ಯಾರ ಖರ್ಚಿನಲ್ಲಿ?

ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸೌತಡ್ಕದಲ್ಲಿ ಗಣಪತಿಗೆ ಗುಡಿಯಿಲ್ಲ. ಮಳೆಗೂ ಬಿಸಿಲಿಗೂ ಮೈಯೊಡ್ಡಿ ಬಯಲಲ್ಲೇ ಕುಳಿತ ದೇವರು. ಸುತ್ತಲೂ ಹರಕೆಯ ಗಂಟೆಗಳು. ದನ ಕಾಯುವ ಹುಡುಗರು ಇಲ್ಲಿ ಸೌತೆಕಾಯಿಯನ್ನೇ ನೈವೇದ್ಯ ಮಾಡಿ ಪೂಜಿಸಿದರೆಂದು ಐತಿಹ್ಯ. ಈಗ ಅರ್ಚಕರಿದ್ದಾರೆ, ಅವರ ಮಡಿ ಅವರಿಗಿದೆ. ಆದರೂ ಗೋಡೆಯೇ ಇಲ್ಲದ ಕಡೆ ಒಳಗಿನವರು ಯಾರು, ಹೊರಗಿನವರು ಯಾರು ಎಂದು ಗೆರೆ ಎಳೆಯುವುದು ಸುಲಭವಲ್ಲ. ಮಡಿವಂತಿಕೆಗೆ ಗೋಡೆ ಬೇಕು. ತಾನು ಉಳಿದವರಿಗಿಂತ ಒಂದು ಮೆಟ್ಟಿಲು ಮೇಲೆ ಎಂಬ ಸೋಗಿಗೆ ಕನ್ನಡದಲ್ಲಿ ಹೆಸರುಗಳಿಗೇನೂ ಕೊರತೆಯಿಲ್ಲ. ಅವುಗಳಲ್ಲಿ ಇಂದು ಹೆಚ್ಚು ಓಡಾಡುವುದು ‘ಮಡಿವಂತಿಕೆ’. ಹಾದಿ ತಪ್ಪಿ ಬಳಕೆಯಾಗುವುದೂ ಅದೇ.

ಮೊದಲು ಇದರ ನೆಂಟರನ್ನು ಬೇರ್ಪಡಿಸಬೇಕು. ಪಂಚತಂತ್ರದ ಆಷಾಢಭೂತಿ ಸನ್ಯಾಸಿಯೊಬ್ಬನ ಶಿಷ್ಯನಾಗಿ ಸೇರಿ, ಭಕ್ತಿಯ ನಾಟಕವಾಡಿ, ಗುರುವಿನ ಹಣ ಹೊಡೆದು ಓಡಿದವನು. ಬಕಧ್ಯಾನದ ಕೊಕ್ಕರೆಗೆ ಕಣ್ಣು ಮುಚ್ಚಿದ್ದರೂ ಗಮನವೆಲ್ಲ ಮೀನಿನ ಮೇಲೆ. ಮನುಸ್ಮೃತಿಯ ನಾಲ್ಕನೇ ಅಧ್ಯಾಯ ಬೆಕ್ಕಿನ ವ್ರತದವರನ್ನೂ ಕೊಕ್ಕರೆಯ ವ್ರತದವರನ್ನೂ ಹೆಸರು ಹಿಡಿದೇ ಹಳಿಯುತ್ತದೆ. ಮೈಲಿಗೆಯ ಪಟ್ಟಿಯನ್ನು ಅಷ್ಟು ಉದ್ದ ಬರೆದ ಗ್ರಂಥಕ್ಕೂ ಕಪಟಿಗಳ ಕಾಟ ತಪ್ಪಿರಲಿಲ್ಲ! ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯ ಪುರಾಣಿಕನೂ ಇದೇ ಸಾಲಿನವನು. ಇವರೆಲ್ಲರಲ್ಲೂ ಸುಳ್ಳಿರುವುದು ಆಚಾರದಲ್ಲಿ: ಹೇಳುವುದೊಂದು, ಮಾಡುವುದೊಂದು. ಮಡಿವಂತ ಹಾಗಲ್ಲ. ಅವನು ನಿಜಕ್ಕೂ ತಣ್ಣೀರಲ್ಲಿ ಮಿಂದಿರುತ್ತಾನೆ, ನಿಜಕ್ಕೂ ಉಪವಾಸವಿರುತ್ತಾನೆ. ಅವನನ್ನು ಆಷಾಢಭೂತಿ ಎಂದರೆ ಅನ್ಯಾಯವಾದೀತು. ಹಾಗಾದರೆ ಅವನಲ್ಲಿ ಸೋಗು ಯಾವುದು? ಆಚಾರ ನಿಜ, ಅದರಿಂದ ಬಂತೆಂದು ಅವನು ಎಣಿಸಿದ ಮೇಲ್ಮೆ ಸುಳ್ಳು ಎನ್ನುವುದೇ ನನ್ನ ವಾದ.

ಪದದ ಮೂಲವೇ ಇದಕ್ಕೆ ಸಾಕ್ಷಿ. ಮಡಿ ಎಂದರೆ ಒಗೆದ ಬಟ್ಟೆ, ಒಗೆಯುವವನು ಮಡಿವಾಳ. ತುಳುನಾಡಿನ ಭೂತಕೋಲದಲ್ಲಿ ಬಟ್ಟೆ ಒದಗಿಸುವ, ದೀಟಿಗೆ ಹಿಡಿಯುವ ಕೆಲಸವೂ ಸಂಪ್ರದಾಯದಿಂದ ಅವನ ಪಾಲಿನದು. ಊರಿಗೆಲ್ಲ ಮಡಿ ಮಾಡಿಕೊಟ್ಟವನು ಮಾತ್ರ ಮಡಿಯವನಲ್ಲ. ಅವನು ಒಗೆದು ತಂದದ್ದನ್ನು ಮತ್ತೆ ನೀರಿಗದ್ದಿಯೇ ಉಡುವ ಮನೆಗಳಿದ್ದವು. ಹನ್ನೆರಡನೇ ಶತಮಾನದ ಶರಣರ ನಡುವೆ ಮಡಿವಾಳ ಮಾಚಿದೇವ ಕಾಯಕದ ಹೆಸರಿನಿಂದಲೇ ತಲೆಯೆತ್ತಿ ನಿಂತದ್ದು ಎಷ್ಟು ದೊಡ್ಡ ಉತ್ತರವೆಂದು ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಮಡಿ ಎಂದರೆ ಬರೀ ಶುಚಿತ್ವ, ಹಿರಿಯರ ಆರೋಗ್ಯಶಾಸ್ತ್ರ ಎನ್ನುವವರಿದ್ದಾರೆ. ಮಿಂದು ಅಡುಗೆಗೆ ಕೂರುವುದು ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಆದರೆ ದಿನಗಟ್ಟಲೆ ಒಗೆಯದ ಪಟ್ಟೆ ಮಡಿಗೆ ಸಲ್ಲುತ್ತದೆ, ಈಗಷ್ಟೇ ಒಗೆದು ಒಣಗಿಸಿದ ಹತ್ತಿಯ ಬಟ್ಟೆ ಯಾರದೋ ಬೆರಳು ತಾಕಿದ ಕೂಡಲೇ ಮೈಲಿಗೆಯಾಗುತ್ತದೆ. ಕೊಳೆಯನ್ನು ಅಳೆಯುವ ಶಾಸ್ತ್ರ ಹೀಗಿರಲಾರದು. ಇದು ಅಳೆಯುವುದು ಮನುಷ್ಯರನ್ನು. ಒಬ್ಬನ ದುಡಿಮೆಯಿಂದ ಶುಚಿಯಾಗಿ, ಆ ಶುಚಿಯ ಬಲದಿಂದ ಅವನನ್ನೇ ದೂರ ನಿಲ್ಲಿಸುವುದರಲ್ಲಿ ಸೋಗಿದೆ. ಪುರಂದರದಾಸರು ಮಡಿಯನ್ನೇ ಹಿಡಿದು ಕೀರ್ತನೆ ಕಟ್ಟಿ ಛೇಡಿಸಿದ್ದು ಸ್ನಾನ ಮಾಡಬೇಡಿ ಎಂದಲ್ಲ.

ಪದ ಈಗ ಬಾವಿಕಟ್ಟೆ ದಾಟಿದೆ. ಆಡುಮಾತನ್ನು ಬರಹಕ್ಕೆ ಬಿಟ್ಟುಕೊಳ್ಳದವರದು ಭಾಷಾ ಮಡಿವಂತಿಕೆ, ಪತ್ತೇದಾರಿ ಕಾದಂಬರಿಯೆಂದರೆ ಮೂಗು ಮುರಿಯುವವರದು ಸಾಹಿತ್ಯಕ ಮಡಿವಂತಿಕೆ. ಈ ವಿಸ್ತರಣೆ ಸರಿಯಾಗಿಯೇ ಇದೆ. ತೊಂದರೆ ಇನ್ನೊಂದು ಕಡೆಯದು. ಲಂಚ ಮುಟ್ಟದ ಗುಮಾಸ್ತನಿಗೂ, ಮದುವೆಮನೆಯಲ್ಲಿ ಅನ್ನ ಚೆಲ್ಲಬೇಡಿ ಎಂದವರಿಗೂ ಇದೇ ಪಟ್ಟ ಕಟ್ಟುತ್ತೇವೆ. ‘ಇವನೊಬ್ಬ ಸತ್ಯಹರಿಶ್ಚಂದ್ರ’ ಎಂದು ಸೇರಿಸಿ ನಗುತ್ತೇವೆ. ಹಾಗಿದ್ದ ಮೇಲೆ ಇದು ಒಳ್ಳೆಯವರ ಬಾಯಿ ಮುಚ್ಚಿಸುವ ಪದವಲ್ಲವೇ ಎಂಬ ಆಕ್ಷೇಪ ಹಗುರಾದದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೂಲಿಯಾ ಮಿನ್ಸನ್ ಮತ್ತು ಬೆನೊವಾ ಮೊನಾ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಸಸ್ಯಾಹಾರಿಗಳು ತಮ್ಮನ್ನು ಕೀಳಾಗಿ ಕಾಣುತ್ತಾರೆಂದು ಮಾಂಸಾಹಾರಿಗಳು ಊಹಿಸಿಕೊಂಡಷ್ಟೂ ಅವರನ್ನು ಹಳಿಯುವುದು ಹೆಚ್ಚು. ಎದುರಿನವನು ಏನೂ ಅನ್ನದಿದ್ದರೂ ನಮಗೆ ಚುಚ್ಚುತ್ತದೆ. ಇನ್ನೊಂದು ಮಗ್ಗುಲೂ ಇದೆ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರ 2017ರ ಅಧ್ಯಯನದಂತೆ, ಪರರ ತಪ್ಪನ್ನು ಖಂಡಿಸಿ ಅದನ್ನೇ ಗುಟ್ಟಾಗಿ ಮಾಡುವವನ ಮೇಲೆ ಜನರಿಗೆ ಬಹಳ ಸಿಟ್ಟು; ಖಂಡಿಸುತ್ತಲೇ ‘ನಾನೂ ಒಮ್ಮೊಮ್ಮೆ ಎಡವುತ್ತೇನೆ’ ಎಂದು ಒಪ್ಪಿಕೊಂಡವನ ಮೇಲೆ ಅಷ್ಟಿಲ್ಲ. ಎಡವಿದ್ದಕ್ಕಿಂತ, ತನ್ನದಲ್ಲದ ಎತ್ತರದಲ್ಲಿ ನಿಂತದ್ದೇ ಜನರಿಗೆ ಸಹಿಸದು.

ಮಡಿವಂತರನ್ನೂ ನಿಜಕ್ಕೂ ಒಳ್ಳೆಯವರನ್ನೂ ಬಿಡಿಸಿ ನೋಡಲು ಅವರವರ ಸದ್ಗುಣದ ಖರ್ಚು ಯಾರ ಮೇಲೆ ಬಿತ್ತೆಂದು ಕೇಳಬೇಕು. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾಯರು ಸಾರಸ್ವತ ಬ್ರಾಹ್ಮಣರು. 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, ಸ್ವಂತ ಜಾತಿಯವರಿಂದ ಬಹಿಷ್ಕಾರ ಉಂಡರು. ತಮ್ಮ ಶಾಲೆಗಳಲ್ಲಿ ಕಲಿತ ದಲಿತ ಮಗು ಮುಂದೆ ಕಾರಿನಲ್ಲಿ ಓಡಾಡುವಂತಾಗಿ, ಅದೆಬ್ಬಿಸಿದ ಧೂಳು ತಮ್ಮ ತಲೆಗೆ ತಾಕಲಿ ಎಂಬುದು ಅವರ ಹಾರೈಕೆಯಾಗಿತ್ತು. ಅವರ ನೀತಿಯ ಬೆಲೆಯನ್ನು ಅವರೇ ತೆತ್ತರು. ಬಹಿಷ್ಕಾರ ಹಾಕಿದವರ ನೀತಿಯ ಬೆಲೆ ತೆತ್ತವರು ಶಾಲೆಯ ಹೊರಗುಳಿದ ಮಕ್ಕಳು. ಲಂಚ ಬಿಟ್ಟ ಗುಮಾಸ್ತ ಕಳೆದುಕೊಂಡದ್ದು ತನ್ನದೇ ಜೇಬಿನದು, ಅವನಿಗೆ ಈ ಪದ ಸಲ್ಲದು. ಬಾಡಿಗೆಗೆ ಬಂದವರ ಜಾತಿ ಕೇಳಿ ಬಾಗಿಲು ಹಾಕಿ, ಅದನ್ನೇ ಮನೆಯ ಸಂಸ್ಕಾರವೆಂದು ಹೇಳಿಕೊಳ್ಳುವವರಿಗೆ ಸಲ್ಲುತ್ತದೆ.