ರಿಷಭ್ ಪಂತ್ ಕಾರು, ನಮ್ಮ ನಂದಿಬೆಟ್ಟದ ಬೈಕು

2022ರ ಡಿಸೆಂಬರ್ 30, ಬೆಳಗಿನ ಜಾವ ಸುಮಾರು ಐದೂವರೆ. ಹೊಸ ವರ್ಷಕ್ಕೆ ಅಮ್ಮನಿಗೆ ಸರ್ಪ್ರೈಸ್ ಕೊಡೋಣ ಅಂತ ರಿಷಭ್ ಪಂತ್ ದೆಹಲಿಯಿಂದ ಉತ್ತರಾಖಂಡದ ತಮ್ಮೂರು ರೂರ್ಕಿಗೆ ಹೊರಟಿದ್ದರು. ಕಾರಲ್ಲಿ ಒಬ್ಬರೇ, ಡ್ರೈವಿಂಗೂ ಅವರದ್ದೇ. ಊರು ಇನ್ನೇನು ಹತ್ತಿರ ಬಂತು ಅನ್ನುವಾಗ ಮರ್ಸಿಡಿಸ್ ಡಿವೈಡರ್‌ಗೆ ಬಡಿದು, ಉರುಳಿ, ಆ ಕಡೆಯ ರಸ್ತೆಗೆ ಹೋಗಿ ಬಿತ್ತು. ಸ್ವಲ್ಪ ಹೊತ್ತಲ್ಲೇ ಬೆಂಕಿ ಹತ್ತಿಕೊಂಡಿತು. ಎದುರಿಂದ ಬರುತ್ತಿದ್ದ ಹರಿಯಾಣ ರೋಡ್‌ವೇಸ್ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್ ಓಡಿ ಹೋಗಿ ಅವರನ್ನು ಕಾರಿನಿಂದ ದೂರ ಕರೆತಂದರು. ಹಣೆಗೆ ಗಾಯ, ಬಲ ಮಂಡಿಯ ಲಿಗಮೆಂಟ್ ಹರಿದಿತ್ತು, ಮಣಿಕಟ್ಟು, ಪಾದ, ಬೆನ್ನು ಎಲ್ಲಕ್ಕೂ ಪೆಟ್ಟು. ಆಗ ಅವರಿಗೆ 25 ವರ್ಷ. ಅಂದ್ರೆ ನಮ್ಮ ಫೈನಲ್ ಇಯರ್‌ನವರಿಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವರು, ಅಷ್ಟೇ.

ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಮುಂಬೈಯಲ್ಲಿ ಆಪರೇಷನ್, ನಮ್ಮ ಬೆಂಗಳೂರಿನ ಎನ್‌ಸಿಎಯಲ್ಲಿ ತಿಂಗಳುಗಟ್ಟಲೆ ಕಸರತ್ತು, 2024ರ ಮಾರ್ಚ್‌ನಲ್ಲಿ ಐಪಿಎಲ್‌ಗೆ ವಾಪಸ್, ಜೂನ್‌ನಲ್ಲಿ ಟಿ20 ವಿಶ್ವಕಪ್, ಸೆಪ್ಟೆಂಬರ್‌ನಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ಸೆಂಚುರಿ. ರೀಲ್ಸ್‌ಗೆ ಹೇಳಿ ಮಾಡಿಸಿದ ಕಮ್‌ಬ್ಯಾಕ್. ಆದ್ರೆ ಈ ಲೇಖನ ಕಮ್‌ಬ್ಯಾಕ್ ಬಗ್ಗೆ ಅಲ್ಲ. ಕಾರು ಡಿವೈಡರ್‌ಗೆ ತಾಗುವ ಮುಂಚಿನ ಕೆಲವೇ ಸೆಕೆಂಡುಗಳ ಬಗ್ಗೆ. ತೂಕಡಿಕೆ ಬಂತು ಅಂತ ಪಂತ್ ಹೇಳಿದ್ದಾಗಿ ಅವತ್ತೇ ಪೊಲೀಸರು ತಿಳಿಸಿದ್ದರು. ರಸ್ತೆಗುಂಡಿ ತಪ್ಪಿಸೋಕೆ ಹೋಗಿ ಆಗಿದ್ದು ಅನ್ನುವ ಮಾತೂ ಆಮೇಲೆ ಬಂತು, ಅಲ್ಲಿ ಗುಂಡಿಯೇ ಇರಲಿಲ್ಲ ಅಂತ ಹೆದ್ದಾರಿ ಪ್ರಾಧಿಕಾರ ಹೇಳಿತು. ಆ ಜಗಳ ಏನೇ ಇರಲಿ, ಬೆಳಗಿನ ಜಾವದ ಐದೂವರೆ ಅನ್ನೋ ಟೈಮ್ ಮಾತ್ರ ಬದಲಾಗಲ್ಲ.

ಆ ಟೈಮಿನ ಸಮಸ್ಯೆ ಏನು? ನಿದ್ದೆಯನ್ನು ನಡೆಸೋದು ಎರಡು ವ್ಯವಸ್ಥೆ. ಒಂದು, ಎಚ್ಚರವಾಗಿದ್ದಷ್ಟೂ ಮೆದುಳಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡಿಕೊಳ್ಳುತ್ತಾ ಹೋಗುತ್ತೆ, ಅದರ ಜೊತೆಗೇ ನಿದ್ದೆಯ ಒತ್ತಡವೂ ಏರುತ್ತೆ. ಎರಡನೆಯದು ದೇಹದ ಗಡಿಯಾರ. ಅದು ಸುಮಾರು ರಾತ್ರಿ ಎರಡರಿಂದ ಬೆಳಗ್ಗೆ ಆರರವರೆಗೆ ನಮ್ಮನ್ನು ಮಲಗಿಸೋಕೆ ಅತಿ ಹೆಚ್ಚು ಎಳೆಯುತ್ತೆ. ಮಧ್ಯಾಹ್ನ ಊಟದ ನಂತರ ಇನ್ನೊಂದು ಸಣ್ಣ ಎಳೆತ ಇದೆ (ಎರಡು ಗಂಟೆಯ ಕ್ಲಾಸ್‌ನಲ್ಲಿ ಕೂತವರಿಗೆ ಇದಕ್ಕೆ ಪುರಾವೆ ಬೇಕಿಲ್ಲ). ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗಿನ ಜಾವ ಸ್ಟಿಯರಿಂಗ್ ಹಿಡಿದವನ ಮೇಲೆ ಎರಡೂ ಒಟ್ಟಿಗೇ ಕೆಲಸ ಮಾಡುತ್ತವೆ. ಆಗ ಮೈಕ್ರೋಸ್ಲೀಪ್ ಬರುತ್ತೆ. ಮೆದುಳು ಕೇಳದೆ ಹೇಳದೆ ಕೆಲವು ಸೆಕೆಂಡ್ ಆಫ್ ಆಗಿಬಿಡುತ್ತೆ. ಕೆಲವೊಮ್ಮೆ ಕಣ್ಣು ತೆರೆದೇ ಇರುತ್ತೆ, ಆದ್ರೆ ಒಳಗೆ ಯಾರೂ ಇರಲ್ಲ. ‘ನಾನು ಕಂಟ್ರೋಲ್ ಮಾಡ್ಕೋತೀನಿ ಮಗಾ’ ಅನ್ನೋದು ಇಲ್ಲಿ ನಡೆಯಲ್ಲ. ಕಂಟ್ರೋಲ್ ಮಾಡಬೇಕಾದ ಭಾಗವೇ ಮಲಗಿರುತ್ತೆ.

ಈಗ ಲೆಕ್ಕ. ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ 27.8 ಮೀಟರ್. ಕ್ರಿಕೆಟ್ ಪಿಚ್‌ನ ಉದ್ದ 20.12 ಮೀಟರ್. ಅಂದ್ರೆ ಒಂದು ಸೆಕೆಂಡಿಗೆ ಒಂದು ಪಿಚ್‌ಗಿಂತ ಜಾಸ್ತಿ. ನಾಲ್ಕು ಸೆಕೆಂಡ್ ತೂಕಡಿಸಿದರೆ 111 ಮೀಟರ್, ಐದೂವರೆ ಪಿಚ್. ಈಗ ಎಚ್ಚರವಾಗಿರುವ ಡ್ರೈವರ್ ಏನು ಮಾಡ್ತಾನೆ ನೋಡಿ. ಅಪಾಯ ಕಂಡು ಕಾಲು ಬ್ರೇಕ್ ಮೇಲೆ ಹೋಗೋಕೆ ಒಂದೂವರೆ ಸೆಕೆಂಡ್ ಅಂದುಕೊಳ್ಳಿ, ಅಷ್ಟರಲ್ಲಿ 42 ಮೀಟರ್ ಹೋಗಿರುತ್ತೆ. ಒಣಗಿದ ಟಾರಿನ ಮೇಲೆ ಚೆನ್ನಾಗಿ ಬ್ರೇಕ್ ಹಿಡಿದರೆ ಇನ್ನು ಸುಮಾರು 55 ಮೀಟರ್‌ನಲ್ಲಿ ಗಾಡಿ ನಿಲ್ಲುತ್ತೆ. ಒಟ್ಟು 97 ಮೀಟರ್. ಅಂದ್ರೆ ಎಚ್ಚರವಿದ್ದವನು ಪೂರ್ತಿ ನಿಲ್ಲಿಸಬಹುದಾದ ದೂರವನ್ನು ನಿದ್ದೆಯಲ್ಲಿರುವವನು ಅದೇ 100ರ ಸ್ಪೀಡಲ್ಲಿ ದಾಟಿ ಹೋಗಿರ್ತಾನೆ.

ನನಗೆ ಇದರಲ್ಲಿ ತುಂಬಾ ಭಯ ಹುಟ್ಟಿಸುವ ವಿಷಯ ಅಂದ್ರೆ ಬ್ರೇಕ್‌ನದ್ದೇ. ಕುಡಿದವನು ತಡವಾಗಿಯಾದರೂ ಬ್ರೇಕ್ ಹಾಕಬಹುದು. ಮಲಗಿದವನು ಹಾಕೋದೇ ಇಲ್ಲ. ಅದರಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಫಸ್ಟ್ ಸೆಮ್ ಫಿಸಿಕ್ಸ್ ಸಾಕು ತಿಳಿಯೋಕೆ. ಎನರ್ಜಿ ಸ್ಪೀಡಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಡಿಕ್ಕಿಯ ಮುಂಚೆ ಬರೀ ಒಂದು ಸೆಕೆಂಡ್ ಗಟ್ಟಿಯಾಗಿ ಬ್ರೇಕ್ ಒತ್ತಿದರೂ 100ರ ಸ್ಪೀಡ್ 75ಕ್ಕೆ ಇಳಿಯುತ್ತೆ. 25 ಕಿ.ಮೀ. ಏನು ಮಹಾ ಅನ್ನಿಸಬಹುದು. ಆದ್ರೆ ವರ್ಗ ಮಾಡಿ ನೋಡಿ, ಎನರ್ಜಿಯಲ್ಲಿ ಶೇ 44 ಕಮ್ಮಿ ಆಯ್ತು! ಎತ್ತರದ ಲೆಕ್ಕದಲ್ಲಿ ಹೇಳಬೇಕಂದ್ರೆ, 100ರಲ್ಲಿ ಗೋಡೆಗೆ ಗುದ್ದೋದು 39 ಮೀಟರ್ ಮೇಲಿಂದ ಬಿದ್ದ ಹಾಗೆ, ಹೆಚ್ಚುಕಮ್ಮಿ ಹದಿಮೂರು ಅಂತಸ್ತು. 75ರಲ್ಲಿ 22 ಮೀಟರ್. 50ರಲ್ಲಿ 10 ಮೀಟರ್. ಈ ಲೆಕ್ಕದಲ್ಲಿ ತೂಕ ಕ್ಯಾನ್ಸಲ್ ಆಗಿ ಹೋಗುತ್ತೆ ಅನ್ನೋದು ಗಮನಿಸಿ. ಮರ್ಸಿಡಿಸ್ ಆದ್ರೂ ಅಷ್ಟೇ, ಅಪ್ಪನ ಸ್ಪ್ಲೆಂಡರ್ ಆದ್ರೂ ಅಷ್ಟೇ. ಸ್ಪ್ಲೆಂಡರ್‌ಗೆ ಏರ್‌ಬ್ಯಾಗ್ ಇರಲ್ಲ, ಅಷ್ಟೇ ವ್ಯತ್ಯಾಸ.

ಕುಡಿತದ ಮಾತು ಬಂತಲ್ಲ, ಅದನ್ನು ಸ್ವಲ್ಪ ಮುಂದುವರಿಸೋಣ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ಆಸ್ಟ್ರೇಲಿಯಾದ ಸಂಶೋಧಕರು ಒಂದು ಪುಟ್ಟ ಪ್ರಯೋಗ ಪ್ರಕಟಿಸಿದರು. ಒಂದೇ ಜನರಿಗೆ ಒಂದು ಸಲ ನಿದ್ದೆಗೆಡಿಸಿ, ಇನ್ನೊಂದು ಸಲ ಮದ್ಯ ಕೊಟ್ಟು, ಕಂಪ್ಯೂಟರ್ ಮೇಲೆ ಕಣ್ಣು-ಕೈ ಹೊಂದಾಣಿಕೆಯ ಪರೀಕ್ಷೆ ಮಾಡಿದರು. 17 ಗಂಟೆ ಎಚ್ಚರವಿದ್ದವರ ಕೈ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವರಷ್ಟೇ ತಪ್ಪುತ್ತಿತ್ತು. 24 ಗಂಟೆಗೆ ಅದು 100 ಮಿಲಿಗ್ರಾಂ ಲೆಕ್ಕಕ್ಕೆ ಏರಿತ್ತು. ನಮ್ಮ ದೇಶದ ಕಾನೂನಿನ ಮಿತಿ 30 ಮಿಲಿಗ್ರಾಂ.

ಈಗ ನಮ್ಮ ನಂದಿಬೆಟ್ಟದ ಟ್ರಿಪ್ ತಗೊಳ್ಳಿ. ಇಂಟರ್ನಲ್ಸ್ ಮುಗಿದ ದಿನ ಯಾರೋ ಗ್ರೂಪಲ್ಲಿ ಹಾಕ್ತಾರೆ, ‘ಸನ್‌ರೈಸ್?’ ಬೆಳಗ್ಗೆ ಏಳಕ್ಕೆ ಎದ್ದವರು ಪರೀಕ್ಷೆ ಬರೆದು, ಸಂಜೆ ತಿರುಗಾಡಿ, ರಾತ್ರಿ ‘ಈಗ ಮಲಗಿದ್ರೆ ಏಳಕ್ಕಾಗಲ್ಲ’ ಅಂತ ಮಲಗದೆ, ಮೂರೂವರೆಗೆ ಹೊರಡ್ತಾರೆ. ಹೊರಡುವಾಗಲೇ ಇಪ್ಪತ್ತು ಗಂಟೆ ಮೀರಿದ ಎಚ್ಚರ. ಒಂದು ತೊಟ್ಟು ಕುಡಿಯದ ಹುಡುಗ, ಮನೇಲಿ ‘ನಮ್ಮವನು ಬಂಗಾರ’ ಅನ್ನಿಸಿಕೊಂಡವನು, ಕುಡಿದವನ ಕೈಯಲ್ಲಿ ಬಳ್ಳಾರಿ ರಸ್ತೆಯಲ್ಲಿ ಬೈಕ್ ಓಡಿಸ್ತಿರ್ತಾನೆ. ಪೊಲೀಸರು ನಿಲ್ಲಿಸಿ ಊದಿಸಿದರೂ ಮಷೀನ್ ಸೊನ್ನೆ ತೋರಿಸುತ್ತೆ, ಹೋಗಪ್ಪ ಅಂತಾರೆ. ವಾಪಸ್ ಬರುವಾಗ ಇನ್ನೂ ಕಷ್ಟ. ಹೋಗುವಾಗಿನ ಉತ್ಸಾಹ ಇಳಿದಿರುತ್ತೆ, ಹೊಟ್ಟೆ ತುಂಬ ಇಡ್ಲಿ-ವಡೆ, ಬೆಚ್ಚಗಿನ ಬಿಸಿಲು, ನೇರ ರಸ್ತೆ. ಹಿಂದೆ ಕೂತವನು ಆಗಲೇ ನಿದ್ದೆಗೆ ಜಾರಿರ್ತಾನೆ.

ನಿದ್ದೆ ಓಡಿಸೋಕೆ ನಾವು ಮಾಡೋದೆಲ್ಲ ನಿಮಗೆ ಗೊತ್ತು. ಕಿಟಕಿ ಇಳಿಸೋದು, ಹಾಡು ಜೋರು ಮಾಡೋದು, ಮುಖಕ್ಕೆ ನೀರು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ ಇದನ್ನು ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿದ್ದಾರೆ. ತಣ್ಣನೆ ಗಾಳಿ, ರೇಡಿಯೋ ಎರಡರ ಪರಿಣಾಮವೂ ಅಲ್ಪ, ಅದೂ ಸ್ವಲ್ಪ ಹೊತ್ತು. ಕೆಲಸ ಮಾಡಿದ್ದು ಕಾಫಿ ಮತ್ತು ಚಿಕ್ಕ ನಿದ್ದೆ, ಎರಡೂ ಸೇರಿದರೆ ಇನ್ನೂ ಚೆನ್ನ. ಕ್ರಮ ಹೀಗೆ: ಗಾಡಿಯನ್ನು ಸೇಫ್ ಆದ ಜಾಗದಲ್ಲಿ ನಿಲ್ಲಿಸಿ, ಮೊದಲು ಕಾಫಿ ಕುಡಿದು, ತಕ್ಷಣ ಹದಿನೈದು ನಿಮಿಷ ಮಲಗೋದು. ಕೆಫೀನ್ ಕೆಲಸ ಶುರು ಮಾಡೋಕೆ ಇಪ್ಪತ್ತು-ಮೂವತ್ತು ನಿಮಿಷ ಬೇಕು, ಅಷ್ಟರಲ್ಲಿ ನಿದ್ದೆ ಒಂದಿಷ್ಟು ಭಾರ ಇಳಿಸಿರುತ್ತೆ. ಅವರು ಪ್ರಯೋಗದಲ್ಲಿ ಕೊಟ್ಟಿದ್ದು 150 ಮಿಲಿಗ್ರಾಂನಿಂದ ಮೇಲೆ ಕೆಫೀನ್. ನಮ್ಮ ದರ್ಶಿನಿಯ ಬೈಟು ಕಾಫಿಗೆ ಅಷ್ಟು ಶಕ್ತಿ ಇಲ್ಲ, ಇದೊಂದು ಕಡೆ ಜುಗ್ಗತನ ಬೇಡ. ಇಷ್ಟಾದರೂ ಸಿಗೋದು ಒಂದೆರಡು ಗಂಟೆಯ ಸಾಲ ಮಾತ್ರ. ಇದೇ ಇಬ್ಬರ ಇನ್ನೊಂದು ಮಾತೂ ಮುಖ್ಯ: ನಿದ್ದೆ ಹೇಳದೇ ಕೇಳದೇ ಬಂತು ಅನ್ನೋದು ನಿಜ ಅಲ್ಲ. ತಮಗೆ ತೂಕಡಿಕೆ ಬರ್ತಿದೆ ಅಂತ ಡ್ರೈವರ್‌ಗಳಿಗೆ ಮೊದಲೇ ಗೊತ್ತಿರುತ್ತೆ. ಮೈಕ್ರೋಸ್ಲೀಪ್ ಬರೋ ಗಳಿಗೆ ತಿಳಿಯದಿರಬಹುದು, ಅದಕ್ಕೂ ಮುಂಚಿನ ಅರ್ಧ ಗಂಟೆಯ ಆಕಳಿಕೆ ತಿಳಿದೇ ಇರುತ್ತೆ. ಹಿಂದಿನ ಎರಡು ಕಿಲೋಮೀಟರ್ ಹೇಗೆ ಬಂದೆ ಅಂತ ನೆನಪಾಗದಿದ್ದರೆ ನಿಲ್ಲಿಸುವ ಹೊತ್ತು ಆಗಲೇ ಆಗಿದೆ ಅಂತ ಲೆಕ್ಕ.

ಇದಕ್ಕೆ ಯಂತ್ರ ಇಲ್ವಾ ಅಂತ ಕೇಳೋದು ನಮ್ಮ ಜಾತಿಗುಣ. ಇದೆ. ಸ್ಟಿಯರಿಂಗ್ ತಿರುಗುವ ರೀತಿ ನೋಡಿ ತೂಕಡಿಕೆ ಊಹಿಸುವ ವ್ಯವಸ್ಥೆಯನ್ನು ಮರ್ಸಿಡಿಸ್‌ನವರು 2009ರಲ್ಲೇ ತಂದರು, ಮೀಟರ್‌ನಲ್ಲಿ ಕಾಫಿ ಕಪ್ಪಿನ ಚಿತ್ರ ಬರುತ್ತೆ. ಕ್ಯಾಮೆರಾದಲ್ಲಿ ರೆಪ್ಪೆ ಎಷ್ಟು ಹೊತ್ತು ಮುಚ್ಚಿದೆ ಅಂತ ಅಳೆಯೋದು ಇನ್ನೊಂದು ದಾರಿ. ಅದನ್ನಂತೂ ಬ್ಯಾಚಿಗೊಂದು ಟೀಮ್ ಮಿನಿ ಪ್ರಾಜೆಕ್ಟ್ ಅಂತ ಮಾಡೇ ಮಾಡುತ್ತೆ: ರಾಸ್ಪ್‌ಬೆರಿ ಪೈ, ಒಂದು ವೆಬ್‌ಕ್ಯಾಮ್, ಒಂದು ಬಝರ್. ಡೆಮೊಗೆ ಮುಂಚೆ ಎರಡು ರಾತ್ರಿ ನಿದ್ದೆಗೆಟ್ಟು, ವೈವಾ ಮುಗಿಸಿ, ಅದೇ ಟೀಮ್ ಬೈಕ್ ಹತ್ತಿ ಊರಿಗೆ ಹೊರಡುತ್ತೆ. ಬಝರ್ ಲ್ಯಾಬಲ್ಲೇ ಇರುತ್ತೆ.

ಹೈವೇಗಳು ಚೆನ್ನಾಗಿ ಆದಷ್ಟೂ ಈ ಸಮಸ್ಯೆ ಕಮ್ಮಿ ಆಗಲ್ಲ. ತಿರುವಿಲ್ಲದ, ಸಿಗ್ನಲ್ ಇಲ್ಲದ ರಸ್ತೆ ಮೆದುಳಿಗೆ ಜೋಗುಳ ಹಾಡಿದ ಹಾಗೆ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶ ಇಲ್ಲ, ಅದಕ್ಕೆ ನಮ್ಮಲ್ಲಿ ಬೈದುಕೊಂಡವರೇ ಜಾಸ್ತಿ. 100ರಲ್ಲಿ ಹೋಗುವ ಕಾರು, 60ರಲ್ಲಿ ಹೋಗುವ ಬೈಕು ಒಂದೇ ಪಥದಲ್ಲಿದ್ದರೆ ಕಾರಿನವನ ಎರಡು ಸೆಕೆಂಡ್ ತೂಕಡಿಕೆಗೆ ಬೆಲೆ ಕೊಡೋದು ಬೈಕಿನವನು. ಆ ನಿಯಮ ನನಗೆ ಸರಿ ಅನ್ನಿಸುತ್ತೆ.

ನಿದ್ದೆ ನಿಮ್ಮದಲ್ಲ, ಡ್ರೈವರ್‌ದು ಅಂತಾದರೆ? ಆಗ ಉಳಿಯೋದು ಬೆಲ್ಟು, ಹೆಲ್ಮೆಟ್ಟು. ಪಂತ್ ಅಪಘಾತಕ್ಕೆ ನಾಲ್ಕು ತಿಂಗಳ ಮುಂಚೆ, 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಸೈರಸ್ ಮಿಸ್ತ್ರಿ ಇದ್ದ ಕಾರು ಸೇತುವೆಯ ಗೋಡೆಗೆ ಗುದ್ದಿತು. ಮುಂದೆ ಕೂತಿದ್ದ ಇಬ್ಬರು ಬದುಕಿದರು, ಹಿಂದೆ ಕೂತಿದ್ದ ಇಬ್ಬರೂ ಹೋದರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. 50ರ ಸ್ಪೀಡಲ್ಲಿ ಗುದ್ದಿದಾಗ ಕಾರಿನ ಮೂತಿ ಸುಮಾರು 60 ಸೆಂಟಿಮೀಟರ್ ಮಡಚಿಕೊಳ್ಳುತ್ತೆ ಅಂದುಕೊಳ್ಳಿ. ಬೆಲ್ಟ್ ಹಾಕಿದವರ ದೇಹವೂ ಆ 60 ಸೆಂಟಿಮೀಟರ್‌ನಲ್ಲೇ ನಿಲ್ಲುತ್ತೆ, ಸುಮಾರು 16 ಜಿ. ಬೆಲ್ಟ್ ಇಲ್ಲದವರು 50ರಲ್ಲೇ ಮುಂದಕ್ಕೆ ಹಾರಿ, ಯಾವುದೋ ಗಟ್ಟಿ ಭಾಗಕ್ಕೆ ಬಡಿದು ಐದು ಸೆಂಟಿಮೀಟರ್‌ನಲ್ಲಿ ನಿಲ್ಲುತ್ತಾರೆ. ಅದು 200 ಜಿ ಹತ್ತಿರ. ಆ ಗಟ್ಟಿ ಭಾಗ ಕೆಲವೊಮ್ಮೆ ಮುಂದೆ ಕೂತ ಗೆಳೆಯನ ಬೆನ್ನು. ಹಿಂದಿನ ಸೀಟಲ್ಲಿ ಮೂರರ ಜಾಗದಲ್ಲಿ ಐದು ಜನ ಕೂತಾಗ ಬೆಲ್ಟ್‌ನ ಮಾತೇ ಬರಲ್ಲ, ಅದು ಬೇರೆ ವಿಷಯ. ಹೆಲ್ಮೆಟ್ಟಿನದ್ದೂ ಇದೇ ಫಿಸಿಕ್ಸ್. ಒಳಗಿನ ಥರ್ಮಾಕೋಲ್ ಪದರ ಜಜ್ಜಿಹೋಗಿ ತಲೆ ನಿಲ್ಲೋಕೆ ಎರಡು-ಮೂರು ಸೆಂಟಿಮೀಟರ್ ಜಾಗ ಕೊಡುತ್ತೆ. ಆ ಪದರವೇ ಇಲ್ಲದ, ಫೈನ್ ತಪ್ಪಿಸೋಕಂತ ಕೊಂಡ ಪ್ಲಾಸ್ಟಿಕ್ ಬುಟ್ಟಿ ಹಾಕ್ಕೊಂಡರೆ, ಅಥವಾ ಪಟ್ಟಿ ಬಿಗಿಯದೆ ಬಿಟ್ಟರೆ, ಆ ಜಾಗ ಸಿಗಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029, ಬೆಲ್ಟ್ ಇಲ್ಲದೆ ಸತ್ತವರು 16,715.

ಕೊನೆಗೆ ಆ ಬಸ್ಸಿನವರ ವಿಷಯ. ಅಪಘಾತ ಕಂಡಾಗ ‘ಪೊಲೀಸ್ ಸ್ಟೇಷನ್ನು, ಕೋರ್ಟು ಅಂತ ಅಲೆಸ್ತಾರೆ’ ಅಂತ ಮುಂದೆ ಹೋಗಿಬಿಡುವ ಕಾಲ ಈಗ ಇರಬೇಕಾಗಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ನೆರವಿಗರ ರಕ್ಷಣೆಗೆ ಬಂದ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು, ಕರ್ನಾಟಕ ತನ್ನದೇ ಕಾಯ್ದೆ ತಂದಿತು, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು-ವಿಳಾಸ ಕೊಡಿ ಅಂತ ಬಲವಂತ ಮಾಡುವಂತಿಲ್ಲ. 112ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಜೊತೆಗಿದ್ದು, ಹೊರಟುಬಿಡಬಹುದು. ಆ ಹರಿಯಾಣದ ಡ್ರೈವರ್ ಕ್ರಿಕೆಟ್ ನೋಡೋರೇ ಅಲ್ಲವಂತೆ. ತಾನು ಎಬ್ಬಿಸಿ ಕೂರಿಸಿದ ಹುಡುಗ ಯಾರು ಅಂತ ಅವರಿಗೆ ಗೊತ್ತೇ ಇರಲಿಲ್ಲ, ಬಸ್ಸಲ್ಲಿದ್ದ ಬೇರೆಯವರು ಗುರುತು ಹಿಡಿದರು.