ಕೃಷಿ ಯಂತ್ರೋದ್ಯಮದಲ್ಲಿ ಹೂಡಿಕೆ: ಗಮನಿಸಬೇಕಾದ ಅಂಶಗಳು

ಕೃಷಿ ಕಾರ್ಮಿಕರ ಕೊರತೆ ಹೆಚ್ಚಿದಂತೆ ಯಂತ್ರಗಳಿಗೆ ಬೇಡಿಕೆ ಬೆಳೆಯುತ್ತದೆ. ಆದ್ದರಿಂದ ಅವುಗಳನ್ನು ತಯಾರಿಸುವ ಕಂಪನಿಗಳಲ್ಲಿ ಹಣ ತೊಡಗಿಸುವುದು ಕ್ಷೇಮಕರ ಎಂಬ ಅಭಿಪ್ರಾಯ ವ್ಯಾಪಾರಿ ವಲಯದಲ್ಲಿ ಸಾಮಾನ್ಯವಾಗಿದೆ. ಬೇಡಿಕೆ ಇರುವುದು ನಿಜ. ಆದರೆ ಬೇಡಿಕೆಯೆಲ್ಲವೂ ಲಾಭವಾಗಿ, ಲಾಭವೆಲ್ಲವೂ ನಗದಾಗಿ ಕೈಸೇರುವುದಿಲ್ಲ.

ಕೊಳ್ಳುವ ಶಕ್ತಿ

2015-16ರ ಕೃಷಿ ಗಣತಿಯಂತೆ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್ ಮಾತ್ರ, ಶೇ. 86ರಷ್ಟು ಹಿಡುವಳಿಗಳು ಸಣ್ಣ ಹಾಗೂ ಅತಿಸಣ್ಣ ರೈತರವು. ಇಂತಹ ರೈತನಿಗೆ ಟ್ರ್ಯಾಕ್ಟರ್ ವರ್ಷದಲ್ಲಿ ಕೆಲವೇ ದಿನ ಬೇಕಾಗುವುದರಿಂದ, ಸ್ವಂತಕ್ಕೆ ಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದು ಅಗ್ಗ. ಕರ್ನಾಟಕದ ಕೃಷಿ ಯಂತ್ರಧಾರೆ ಕೇಂದ್ರಗಳ ಹಿಂದಿರುವ ತರ್ಕವೂ ಇದೇ. ಬಾಡಿಗೆ ಯಂತ್ರ ಹೆಚ್ಚು ಗಂಟೆ ದುಡಿದು ಬೇಗ ಸವೆಯುತ್ತದೆ. ಹೀಗಾಗಿ ಹೊಸ ಯಂತ್ರಗಳ ಮಾರಾಟ ಮಳೆಯೊಂದಿಗೆ ಏರಿಳಿದರೂ ಬಿಡಿಭಾಗ ಮತ್ತು ದುರಸ್ತಿಯ ವಹಿವಾಟು ಅಷ್ಟಾಗಿ ಕುಗ್ಗುವುದಿಲ್ಲ. ಸಣ್ಣ ಉದ್ದಿಮೆದಾರರಿಗೆ ಅವಕಾಶವಿರುವುದು ಇಲ್ಲಿಯೇ.

ಸಹಾಯಧನ ಮತ್ತು ನೀತಿ

ಕೇಂದ್ರದ ಕೃಷಿ ಯಾಂತ್ರೀಕರಣ ಉಪ-ಅಭಿಯಾನ 2014-15ರಲ್ಲಿ ಆರಂಭವಾಯಿತು. ಸಹಾಯಧನ ಮಾರಾಟವನ್ನು ಹೆಚ್ಚಿಸುತ್ತದೆ. ಅದು ತಡವಾದರೆ ರೈತ ಖರೀದಿಯನ್ನು ಮುಂದೂಡುತ್ತಾನೆ, ಇಲ್ಲವೇ ತಯಾರಕರ ಬಾಕಿ ಬೆಳೆಯುತ್ತದೆ. 2020ರ ಜುಲೈನಲ್ಲಿ ಪವರ್ ಟಿಲ್ಲರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ್ದು ಬೆಂಗಳೂರು ಮೂಲದ ವಿಎಸ್‌ಟಿಯಂತಹ ದೇಶೀಯ ತಯಾರಕರಿಗೆ ರಕ್ಷಣೆ ನೀಡಿತು. ಆದರೆ ಆದೇಶದಿಂದ ಬಂದ ಅನುಕೂಲ ಇನ್ನೊಂದು ಆದೇಶದಿಂದ ಹೋಗಬಹುದು.

ತೆರಿಗೆ ಮತ್ತು ದುಡಿಯುವ ಬಂಡವಾಳ

2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರ್ ಹಾಗೂ ಉಳುಮೆ ಯಂತ್ರಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಉಕ್ಕಿನ ಮೇಲಿನ ತೆರಿಗೆ ಶೇ. 18ರಲ್ಲೇ ಉಳಿಯಿತು. ಉದಾಹರಣೆಗೆ, ರೋಟವೇಟರ್ ತಯಾರಕನೊಬ್ಬ 1,00,000 ರೂ. ಉಕ್ಕಿಗೆ 18,000 ರೂ. ತೆರಿಗೆ ತೆತ್ತು, ಸರಕನ್ನು 1,50,000 ರೂ.ಗೆ ಮಾರಿದರೆ ಸಂಗ್ರಹವಾಗುವ ತೆರಿಗೆ 7,500 ರೂ. ಮಾತ್ರ. ಉಳಿದ 10,500 ರೂ. ಜಮೆಯಾಗಿ ನಿಲ್ಲುತ್ತದೆ. ಕಚ್ಚಾವಸ್ತುವಿನ ತೆರಿಗೆಗೆ ಮರುಪಾವತಿ ಕೋರಬಹುದು. ಯಂತ್ರೋಪಕರಣಗಳಂತಹ ಬಂಡವಾಳ ಸರಕುಗಳ ತೆರಿಗೆ ಈ ಮರುಪಾವತಿಗೆ ಒಳಪಡದು. ಮರುಪಾವತಿ ಬರುವವರೆಗೆ ಬಡ್ಡಿಯ ಹೊರೆ ತಯಾರಕನದೇ.

ವಾರ್ಷಿಕ ವರದಿಯಲ್ಲಿ ನೋಡಬೇಕಾದದ್ದು

ಮಾರಾಟಕ್ಕಿಂತ ಬರಬೇಕಾದ ಬಾಕಿ ವೇಗವಾಗಿ ಬೆಳೆಯುತ್ತಿದೆಯೇ? ಹಂಗಾಮು ಮುಗಿದ ಮೇಲೂ ದಾಸ್ತಾನು ಉಳಿದಿದೆಯೇ? ಲಾಭಕ್ಕೆ ತಕ್ಕಂತೆ ವಹಿವಾಟಿನಿಂದ ನಗದು ಬಂದಿದೆಯೇ? ಗ್ರಾಹಕರು ಎಷ್ಟು ಮಂದಿ? ಸ್ವರಾಜ್ ಎಂಜಿನ್ಸ್ ಕಂಪನಿಯ ಎಂಜಿನ್‌ಗಳು ಮುಖ್ಯವಾಗಿ ಮಹೀಂದ್ರಾದ ಸ್ವರಾಜ್ ವಿಭಾಗಕ್ಕೆ ಹೋಗುತ್ತವೆ; ಇದರಿಂದ ಮಾರುಕಟ್ಟೆ ಹುಡುಕುವ ಖರ್ಚು ಉಳಿಯುತ್ತದೆಯಾದರೂ ಒಬ್ಬನೇ ಗ್ರಾಹಕನ ಏರಿಳಿತವೇ ತನ್ನ ಏರಿಳಿತವೂ ಆಗುತ್ತದೆ.

ಒಂದು ಉತ್ತಮ ಮುಂಗಾರಿನ ಲೆಕ್ಕ ನೋಡಿ ಹೂಡಿಕೆ ನಿರ್ಧರಿಸುವುದು ತರವಲ್ಲ. ಬರದ ವರ್ಷವೂ ಸೇರಿದಂತೆ ಐದಾರು ವರ್ಷಗಳ ಲೆಕ್ಕಪತ್ರವನ್ನು ಪರಿಶೀಲಿಸುವುದು ವಿವೇಕ. ಆ ಯಂತ್ರಗಳ ಮಾರಾಟ ಅಥವಾ ಬಿಡಿಭಾಗ ಪೂರೈಕೆಯಲ್ಲಿ ಈಗಾಗಲೇ ತೊಡಗಿರುವವರು ಷೇರನ್ನೂ ಅದೇ ಕ್ಷೇತ್ರದಲ್ಲಿ ಕೊಂಡರೆ, ಮಳೆ ಕೈಕೊಟ್ಟ ವರ್ಷ ಅಂಗಡಿ ಮತ್ತು ಉಳಿತಾಯ ಎರಡೂ ಒಟ್ಟಿಗೆ ಸೊರಗುತ್ತವೆ ಎಂಬುದನ್ನು ಮರೆಯಲಾಗದು.